ಸುಗುಣತ್ತೆಯ ಹಣೆ

ನಮ್ಮ ಕ್ರೈಸ್ತ ಸಭೆಯಲ್ಲಿ ಈ ಕಥೆಯನ್ನು ಹೇಳುವುದು ಹೀಗೆ. ಹಿಂದೂ ಹುಡುಗನನ್ನು ಮದುವೆಯಾಗಿ ಕುಣಿಗಲ್ ಕಡೆ ಹೋದ ಸುಗುಣ ಆರು ವರ್ಷ ಗುಬ್ಬಿಯ ತಾಯಿಮನೆಯ ಹೊಸ್ತಿಲು ತುಳಿಯಲಿಲ್ಲ. ಏಳನೆಯ ಕ್ರಿಸ್ಮಸ್ಸಿಗೆ ಅವಳ ಮನಸ್ಸು ಕರಗಿತು. ಮೊದಲು ಕುಂಕುಮವಿಲ್ಲದ ಹಣೆಯ ಫೋಟೋ ಕಳಿಸಿದಳು, ಆಮೇಲೆ ಹಬ್ಬದ ದಿನ ತಾನೇ ಬಂದಳು. ತಾಯಿಯ ಪ್ರಾರ್ಥನೆ ವ್ಯರ್ಥವಾಗಲಿಲ್ಲ. ಡಿಸೆಂಬರ್ ಬಂತೆಂದರೆ ಯಾರಾದರೂ ಒಬ್ಬರು ಎದ್ದು ನಿಂತು ಇದನ್ನು ಸಾಕ್ಷಿಯಾಗಿ ಹೇಳುತ್ತಾರೆ. ನಾನೇ ಮೂರು ಬಗೆಯಲ್ಲಿ ಕೇಳಿದ್ದೇನೆ. ಒಂದರಲ್ಲಿ ಅವಳು ಬಾಗಿಲಲ್ಲೇ ಮೊಣಕಾಲೂರುತ್ತಾಳೆ, ಇನ್ನೊಂದರಲ್ಲಿ ತಾಳಿಯನ್ನೂ ಬಿಚ್ಚಿಟ್ಟು ಬರುತ್ತಾಳೆ, ಮತ್ತೊಂದರಲ್ಲಿ ಸೋನೆಮಳೆ ಹಿಡಿದಿರುತ್ತದೆ. ಆ ದಿನ ಗುಬ್ಬಿಯಲ್ಲಿ ಮಳೆ ಇರಲಿಲ್ಲ. ಅನುಮಾನವಿದ್ದವರು ಅವಳ ತಾಯಿ ಎಸ್ತರಮ್ಮನ ಮನೆಯ ಗೋಡೆ ನೋಡಿಕೊಂಡು ಬನ್ನಿ, ಫೋಟೋ ಇದೆ ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಯ ಮೈಕಿನ ಮುಂದೆ ಕಳೆದವಳು ನಾನು. ಎದುರು ಪಕ್ಷದವರು ಸಾಕ್ಷಿ ಇದೆ ಎಂದರೆ, ಆ ಸಾಕ್ಷಿಯನ್ನು ತಯಾರಿಸಿದವರು ಯಾರು ಎಂದು ಮೊದಲು ಕೇಳಬೇಕು. ಈ ವಿಷಯದಲ್ಲಿ ನನಗೆ ಕೇಳುವ ಕಷ್ಟವೂ ಇಲ್ಲ. ಫೋಟೋ ತೆಗೆದವನು ಸುಗುಣಳ ಅಣ್ಣ, ನನ್ನ ಅಪ್ಪ. ಅದು ಕಂಪ್ಯೂಟರಿನಲ್ಲಿ ತಯಾರಾಗುವಾಗ ಮೌಸ್ ಹಿಡಿದು ಕೂತಿದ್ದವಳು ನಾನು. ನನಗಾಗ ಹನ್ನೆರಡು ವರ್ಷ.

ತುಮಕೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಸ್ಟುಡಿಯೋ. ಗೋಡೆಗೆ ನೀಲಿ ಬಟ್ಟೆ, ಎರಡು ಕೊಡೆ ಲೈಟು, ಎತ್ತರ ತಗ್ಗಿಸಬಹುದಾದ ಒಂದು ಸ್ಟೂಲು. ಅದರ ಹಿಂದೆ ಒಂದು ಪರದೆ. ಪರದೆಯ ಈಚೆಗೆ ನಮ್ಮ ಸಂಸಾರ. ಅಮ್ಮ ಒಗ್ಗರಣೆ ಹಾಕಿದರೆ ಪಾಸ್‌ಪೋರ್ಟ್ ಫೋಟೋಗೆ ಕೂತವರು ಸೀನುತ್ತಿದ್ದರು. ಅಪ್ಪ ಅಮ್ಮನ ಜಗಳ ಗಿರಾಕಿ ಬಂದ ಕೂಡಲೇ ನಿಂತು, ಗಿರಾಕಿ ಮೆಟ್ಟಿಲಿಳಿದ ಕೂಡಲೇ ನಿಂತ ಶಬ್ದದಿಂದಲೇ ಮುಂದುವರಿಯುತ್ತಿತ್ತು. ಧನುರ್ಮಾಸದಲ್ಲಿ ಊರಲ್ಲಿ ಮದುವೆಗಳಿರುವುದಿಲ್ಲ. ವರ್ಷವಿಡೀ ಛತ್ರಗಳಲ್ಲಿ ಇರುತ್ತಿದ್ದ ಅಪ್ಪ ಕ್ರಿಸ್ಮಸ್ಸಿನ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಬೀಡು ಬಿಡುತ್ತಿದ್ದ. ಬೇರೆಯವರ ಮನೆಯಲ್ಲಿ ಅದು ಸಂತೋಷದ ಸಂಗತಿ ಇರಬಹುದು. ನಮ್ಮಲ್ಲಿ ಕರ್ಜಿಕಾಯಿಯ ಅಂಚು ಒತ್ತುವುದರಿಂದ ಹಿಡಿದು ಬಾಗಿಲಿಗೆ ಕಟ್ಟುವ ನಕ್ಷತ್ರದ ವೈರಿನವರೆಗೆ ಅವನದೊಂದು ಅಭಿಪ್ರಾಯ ಇರುತ್ತಿತ್ತು, ಅಮ್ಮನದು ಅದಕ್ಕೆ ವಿರುದ್ಧ ಇರುತ್ತಿತ್ತು. ನಾನು ವಾದ ಮಾಡುವುದನ್ನು ಕಲಿತದ್ದು ಕಾಲೇಜಿನಲ್ಲಿ ಎಂದು ನನ್ನ ಗುರುಗಳು ತಿಳಿದಿದ್ದಾರೆ. ತಿಳಿದಿರಲಿ.

ಪರದೆಯ ಈಚೆ ಕಂಪ್ಯೂಟರ್ ಇತ್ತು. ಹತ್ತನೆಯ ವಯಸ್ಸಿಗೇ ಅಪ್ಪ ನನಗೆ ಟಚಪ್ ಕಲಿಸಿದ್ದ. ಅವನದು ಒಂದೇ ನಿಯಮ: ಮೊಡವೆ ತೆಗಿ, ಮಚ್ಚೆ ಮುಟ್ಟಬೇಡ. ಮೊಡವೆ ಇವತ್ತು ಬಂದು ನಾಳೆ ಹೋಗುವಂಥದ್ದು, ಮಚ್ಚೆ ಆ ಮನುಷ್ಯನದೇ. ಇಷ್ಟು ಸ್ಪಷ್ಟವಾದ ನೀತಿಪಾಠ ನನಗೆ ಭಾನುವಾರದ ಶಾಲೆಯಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು ಕೆಲಸವೂ ನಮ್ಮ ಸ್ಟುಡಿಯೋದಲ್ಲಿ ನಡೆಯುತ್ತಿತ್ತು. ಅದನ್ನು ‘ಸೇರಿಸೋದು’ ಎನ್ನುತ್ತಿದ್ದರು. ಮಗಳ ಮದುವೆಗೆ ಮೊದಲೇ ತೀರಿಕೊಂಡ ತಂದೆಯ ಹಳೆಯ ಫೋಟೋ ತಂದುಕೊಡುತ್ತಿದ್ದರು. ಅಪ್ಪ ಅವರನ್ನು ಕತ್ತರಿಸಿ, ಕೋಟು ತೊಡಿಸಿ, ಮಂಟಪದಲ್ಲಿ ಹೆಂಡತಿಯ ಪಕ್ಕ ನಿಲ್ಲಿಸುತ್ತಿದ್ದ. ಅದು ಸೇರಿಸಿದ್ದೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಆದರೂ ಚೌಕಟ್ಟು ಕೈಗೆ ಬಂದಾಗ ಆ ಹೆಂಗಸರು ಅಳುತ್ತಿದ್ದರು. ಅಪ್ಪನ ಕೈ ಅದರಲ್ಲಿ ಪಳಗಿತ್ತು. ತಲೆಗೂದಲಿನ ಅಂಚು ಕತ್ತರಿಸುವುದೇ ಅದರಲ್ಲಿ ಅತಿ ಕಷ್ಟದ ಕೆಲಸ. ಅದನ್ನು ಅವನು ಯಾರಿಗೂ ಕೊಡುತ್ತಿರಲಿಲ್ಲ.

ಗುಬ್ಬಿಯ ಅಜ್ಜಿ ಎಸ್ತರಮ್ಮ ನಿವೃತ್ತ ಟೀಚರ್. ಅವಳ ಪಡಸಾಲೆಯ ಗೋಡೆಯಲ್ಲಿ ವರ್ಷಕ್ಕೊಂದರಂತೆ ಕ್ರಿಸ್ಮಸ್ ಫೋಟೋಗಳು ಸಾಲಾಗಿ ನೇತಾಡುತ್ತಿದ್ದವು. ಆರಾಧನೆ ಮುಗಿಸಿ ಬಂದು, ಊಟಕ್ಕೆ ಕೂರುವ ಮೊದಲು, ಜಗುಲಿಯ ಮೇಲೆ ಫೋಟೋ. ಅಜ್ಜಿ ಬೆತ್ತದ ಕುರ್ಚಿಯಲ್ಲಿ, ತೊಡೆಯ ಮೇಲೆ ತಾತನ ಸತ್ಯವೇದ. ಅಪ್ಪ ಟೈಮರ್ ಇಟ್ಟು ಓಡಿಬಂದು ಕುರ್ಚಿಯ ಹಿಂದೆ ಎಡಗಡೆ ನಿಲ್ಲುತ್ತಿದ್ದ. ಸುಗುಣತ್ತೆ ಹೋದ ಮೇಲಿನ ಆರು ಫೋಟೋಗಳಲ್ಲೂ ಅಪ್ಪನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಅಮ್ಮ ಹತ್ತಿರ ಸರಿದರೆ ಅವನು ಅಲ್ಲೇ ಇರು ಎನ್ನುತ್ತಿದ್ದ. ತಂಗಿಯ ಮೇಲಿನ ಪ್ರೀತಿ ಎಂದು ನೆಂಟರು ಹೇಳುತ್ತಾರೆ. ಇರಬಹುದು. ಅಜ್ಜಿಯ ಹಟ ಒಂದೇ: ಮಗಳು ಬರಲಿ, ಆದರೆ ಕುಂಕುಮವಿಟ್ಟುಕೊಂಡು ನನ್ನ ಬಾಗಿಲಿಗೆ ಬೇಡ. ಅತ್ತೆಯ ಹಟವೂ ಒಂದೇ: ಬರುತ್ತೇನೆ, ಇರುವ ಹಾಗೆಯೇ ಬರುತ್ತೇನೆ. ನಡುವೆ ಓಡಾಡುತ್ತಿದ್ದವನು ಅಪ್ಪ, ಗುಬ್ಬಿಗೊಂದು ಸಲ, ಕುಣಿಗಲ್ಲಿಗೊಂದು ಸಲ. ಇಬ್ಬರಿಗೂ ಅವರವರಿಗೆ ಬೇಕಾದ ಸುದ್ದಿಯನ್ನು ಅಷ್ಟಿಷ್ಟು ಕೊಟ್ಟು ಬರುತ್ತಿದ್ದ. ಇಬ್ಬರೂ ಒಮ್ಮೆ ಎದುರುಬದುರು ಕೂತರೆ ಎಲ್ಲ ಸರಿಹೋಗುತ್ತದೆ ಎಂಬುದು ಅವನ ನಂಬಿಕೆ. ಅದಕ್ಕೆ ಆಧಾರ ಏನೆಂದು ಅಮ್ಮ ಕೇಳುತ್ತಿದ್ದಳು. ಅವನು ಲೆನ್ಸ್ ಒರೆಸುತ್ತಿದ್ದ.

ಆ ವರ್ಷ ಅಜ್ಜಿಗೆ ಕಾಲುಜಾರಿ ಸೊಂಟಕ್ಕೆ ಪೆಟ್ಟಾಗಿತ್ತು. ಸಾಯುವುದರೊಳಗೆ ಆ ಸಾಲಿನಲ್ಲಿ ಸುಗುಣನ ಮುಖ ಒಂದು ಸಲ ನೋಡಬೇಕು ಎಂದಳಂತೆ. ಹಬ್ಬಕ್ಕೆ ಎರಡು ವಾರ ಮೊದಲು ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟ. ಅತ್ತೆಯ ಮನೆ ಕುಣಿಗಲ್ ದಾಟಿ ಹುಲಿಯೂರುದುರ್ಗದ ರಸ್ತೆಯಲ್ಲಿ. ಸುತ್ತ ತೆಂಗು, ಅಂಗಳದಲ್ಲಿ ರಾಗಿಯ ರಾಶಿ. ಅತ್ತೆ ಮತ್ತು ಅವಳ ಅತ್ತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬೆಳಿಗ್ಗೆ ಇಟ್ಟ ಕುಂಕುಮ ಬೆವರಿಗೆ ಸ್ವಲ್ಪ ಹರಡಿ ಅತ್ತೆಯ ಹಣೆಯ ಮೇಲೆ ದುಂಡಗೆ ಇತ್ತು. ಅಮ್ಮನಿಗೆ ನಿನ್ನ ಮುಖ ನೋಡಬೇಕಂತೆ, ಒಂದು ಫೋಟೋ ತೆಗೆಯುತ್ತೇನೆ ಎಂದ ಅಪ್ಪ. ಹಬ್ಬಕ್ಕೆ ಬಾ ಎಂದೂ ಕರೆದ. ಅತ್ತೆ ಕೈಯಲ್ಲಿದ್ದ ಸಿಪ್ಪೆಯನ್ನು ಮೊರದಾಚೆ ಹಾಕಿ ಹೇಳಿದಳು:

“ಬಾಗ್ಲಲ್ಲಿ ಒರ್ಸ್ಕೊಂಡು ಒಳಗ್ ಹೋಗಿ, ಬಸ್‌ಸ್ಟ್ಯಾಂಡಲ್ಲಿ ಮತ್ತೆ ಇಟ್ಕೊಳೋ ಆಟ ನಂಗ್ ಬರಲ್ಲ ಅಣ್ಣ. ಈ ಮನೇಲಿ ಒಂದಿನ ಯಾರೂ ನನ್ನ ಬೈಬಲ್ ಮುಚ್ಚಿಡು ಅಂದಿಲ್ಲ.”

“ಅಮ್ಮ ಒಪ್ಪವ್ಳೆ ಕಣಮ್ಮ. ಹೆಂಗಿದೀಯೋ ಹಂಗೇ ಬರ್ಲಿ ಅಂದ್ಲು.”

ಅಜ್ಜಿ ಹಾಗೆ ಅಂದಿರಲಿಲ್ಲ. ಹಿಂದಿನ ಭಾನುವಾರ ನಾನೂ ಗುಬ್ಬಿಯಲ್ಲಿದ್ದೆ. ಬಾಯಿ ತೆರೆದೆ, ಅಪ್ಪ ನನ್ನ ಕೈಗೆ ಟ್ರೈಪಾಡ್ ಕೊಟ್ಟ. ಆಮೇಲೆ ಅವನು ಅತ್ತೆಯನ್ನು ಅಂಗಳದಲ್ಲಿ ನಿಲ್ಲಿಸಿದ ರೀತಿ ನನಗೆ ವಿಚಿತ್ರವಾಗಿ ಕಂಡಿತು. ಬೆಳಕು ಎಡದಿಂದ ಬೀಳುವ ಹಾಗೆ ತಿರುಗಿಸಿದ, ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ ತರಿಸಿ ಅದರ ಬೆನ್ನಿನ ಮೇಲೆ ಅವಳ ಕೈ ಇಡಿಸಿದ. ಗುಬ್ಬಿಯ ಜಗುಲಿಯಲ್ಲಿ ಫೋಟೋದ ಹೊತ್ತಿಗೆ ಬೆಳಕು ಬೀಳುವುದು ಎಡದಿಂದ. ಸೇರಿಸುವ ಕೆಲಸ ಇದೆ ಎಂದು ನನಗೆ ಅಲ್ಲೇ ಗೊತ್ತಾಯಿತು. ವಾಪಸು ಬರುವಾಗ ಬ್ಯಾಗಿನಲ್ಲಿ ಟ್ರೈಪಾಡಿನ ಅಡಿ ಸಿಕ್ಕಿ ಅಪ್ಪನ ಕನ್ನಡಕದ ಒಂದು ಗಾಜು ಒಡೆಯಿತು. ಮಾರನೆಯ ದಿನ ಅದನ್ನು ಅಂಗಡಿಗೆ ಕೊಟ್ಟ. ಒಂದು ವಾರವಾಗುತ್ತದೆ ಎಂದರು.

ಅದಾದ ಎರಡನೆಯ ದಿನ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಕೆಲಸ ಬಹುಪಾಲು ಮುಗಿದಿತ್ತು. ಹಿಂದಿನ ವರ್ಷದ ಗುಬ್ಬಿ ಫೋಟೋದ ಖಾಲಿ ಜಾಗದಲ್ಲಿ ಸುಗುಣತ್ತೆ ನಿಂತಿದ್ದಳು. ಕೈ ಬೆತ್ತದ ಕುರ್ಚಿಯ ಮೇಲಿತ್ತು, ಕಿವಿಯ ಪಕ್ಕ ಗಾಳಿಗೆ ಹಾರಿದ ಕೂದಲು ಹಾರಿದಂತೆಯೇ ಇತ್ತು. ಹಣೆಯಲ್ಲಿ ಕುಂಕುಮವೂ ಇತ್ತು. ಅಪ್ಪ ಎದ್ದು ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ. ಹಣೆಯ ಹತ್ತಿರ ಸ್ವಲ್ಪ ಕ್ಲೀನ್ ಮಾಡು, ನನಗೆ ಕನ್ನಡಕ ಇಲ್ಲ ಎಂದ. ಮೊಡವೆಯಾ, ಮಚ್ಚೆಯಾ ಎಂದು ಕೇಳಿದೆ. ನಿಜವಾಗಿಯೂ ಕೇಳಿದೆ, ಜಾಣತನಕ್ಕಲ್ಲ. ಅಪ್ಪ ಪರದೆ ಸರಿಸಿ, ಗಿರಾಕಿ ಬಂದರೇನೋ ಎಂಬಂತೆ ಸ್ಟುಡಿಯೋದೊಳಕ್ಕೆ ಹೋದ. ಯಾರೂ ಬಂದಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಚಕ್ಕುಲಿಯ ಒರಳು ಹಿಡಿದುಕೊಂಡೇ ಬಂದು ಪರದೆಯ ಕಡೆ ಮುಖ ಮಾಡಿ ಹೇಳಿದಳು:

“ನಿಮ್ಮಮ್ಮಂಗೊಂದು ಸುಳ್ಳು, ತಂಗಿಗೊಂದು ಸುಳ್ಳು. ಯೇಸು ಹುಟ್ಟಿದ ಹಬ್ಬ ಮಾಡಕ್ಕೆ ಇನ್ನೂ ಎಷ್ಟು ಬೇಕ್ರೀ ನಿಮ್ಗೆ?”

“ಮಕ್ಕಳ ಮುಂದೆ ಮಾತಾಡ್ಬೇಡ.”

“ಮಕ್ಕಳ ಕೈಲಿ ಮಾಡ್ಸ್ಬೌದು, ಮುಂದೆ ಮಾತಾಡ್ಬಾರ್ದಾ?”

ಜಗಳ ಅಂದು ಸಂಜೆಯವರೆಗೆ ನಡೆಯಿತು. ಅದರ ನಡುವೆ ನಾನು ಕೆಲಸ ಮುಗಿಸಿದೆ. ಹದಿನೈದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಸುಲಭದ ಕೆಲಸ ಅದು. ಪಕ್ಕದ ಚರ್ಮವನ್ನು ಚೂರುಚೂರಾಗಿ ತಂದು ಕೆಂಪಿನ ಮೇಲೆ ಹಾಸುತ್ತಾ ಹೋದರೆ ಆಯಿತು. ಕುಂಕುಮದ ಅಡಿಯಲ್ಲಿ ಅತ್ತೆಯ ಹಣೆ ಹೇಗಿದೆಯೆಂದು ನಾನು ನೋಡಿರಲಿಲ್ಲ. ನಾನು ಹಾಸಿದ್ದು ನಾನೇ ಮಾಡಿದ ಹಣೆ. ಮುಗಿದ ಮೇಲೆ ಚೆನ್ನಾಗಿ ಬಂದಿದೆ ಅನ್ನಿಸಿತು, ಅದನ್ನೂ ಇಲ್ಲಿ ಹೇಳಬೇಕು. ನನಗೆ ಹೆಮ್ಮೆಯಾಗಿತ್ತು.

ಹಬ್ಬದ ಹಿಂದಿನ ಭಾನುವಾರ ಅಪ್ಪ ಆ ಫೋಟೋಗೆ ಕಟ್ಟು ಹಾಕಿಸಿ ಗುಬ್ಬಿಗೆ ಒಯ್ದ. ಸೇರಿಸಿದ್ದು ಎಂದು ಅಜ್ಜಿಗೆ ಹೇಳಬೇಕಾಗಿಯೇ ಇರಲಿಲ್ಲ. ಹಿಂದಿನ ಕ್ರಿಸ್ಮಸ್ಸಿಗೆ ಮಗಳು ಬಂದಿರಲಿಲ್ಲವೆಂದು ಅವಳಿಗೆ ಗೊತ್ತು. ಆದರೆ ಮುಖ ಈಗಿನದು. ಅಜ್ಜಿ ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಬಿಟ್ಟುಬಿಟ್ಟಳಾ ಎಂದು ಕೇಳಿದಳು. ಅಪ್ಪ ಹೂಂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹಬ್ಬಕ್ಕೆ ಬರುತ್ತಾಳೆ ಎಂದಷ್ಟೇ ಹೇಳಿದ. ಅದು ನಿಜವೇ. ಅಪ್ಪನ ಸುಳ್ಳುಗಳೆಲ್ಲ ಹೀಗೆ ಒಂದು ನಿಜವನ್ನು ಮುಂದೆ ನಿಲ್ಲಿಸಿಕೊಂಡೇ ಬರುತ್ತವೆ. ಆ ವಾರವಿಡೀ ಅಜ್ಜಿ ಫೋಟೋವನ್ನು ಗೋಡೆಯ ಸಾಲಿಗೆ ನೇತುಹಾಕಿಸಿ ಸ್ತ್ರೀಯರ ಸಂಘದವರಿಗೆ ತೋರಿಸಿದಳು. ಕ್ರಿಸ್ಮಸ್ ಬೆಳಿಗ್ಗೆ ಗುಬ್ಬಿಯ ದೇವಾಲಯದಲ್ಲಿ ಪಾದ್ರಿ ಅಯ್ಯನವರು, ಸುಗುಣಳೆಂಬ ನಮ್ಮ ಸಹೋದರಿಯನ್ನು ತಾಯಿಯ ಮಡಿಲಿಗೆ ಮರಳಿಸಿದ್ದಕ್ಕಾಗಿ ಸ್ತೋತ್ರ ಎಂದು ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಎಂದರು. ಅಪ್ಪ ಬಲಿಪೀಠದ ಪಕ್ಕ ಕ್ಯಾಮೆರಾ ಹಿಡಿದು ನಿಂತಿದ್ದ. ಕಣ್ಣಿಗೆ ಕ್ಯಾಮೆರಾ ಹಿಡಿದವರ ಮುಖ ಕಾಣುವುದಿಲ್ಲ.

ಅತ್ತೆ ಬಂದಾಗ ಹನ್ನೆರಡು ದಾಟಿತ್ತು. ಕುಣಿಗಲ್ಲಿನಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೆ ಎರಡು ಬಸ್ಸು. ಒಂದು ಕೈಯಲ್ಲಿ ಅವರೆಕಾಯಿಯ ಚೀಲ, ಇನ್ನೊಂದರಲ್ಲಿ ಆರು ತೆಂಗಿನಕಾಯಿ. ಒಳಗೆ ಬಿರಿಯಾನಿ ದಮ್ಮಿಗೆ ಕೂತಿತ್ತು. ಅವಳು ಚೀಲ ಇಳಿಸಿ ನೆಟ್ಟಗಾದಳು. ಹಣೆಯಲ್ಲಿ ಕುಂಕುಮವಿತ್ತು, ಅವತ್ತು ಸ್ವಲ್ಪ ದೊಡ್ಡದಾಗಿಯೇ ಇಟ್ಟುಕೊಂಡಿದ್ದಳು. ಅಜ್ಜಿ ಬೆತ್ತದ ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ಕೂತಳು. ಅತ್ತೆ ತಾಯಿಯ ಕಡೆ ಎರಡು ಹೆಜ್ಜೆ ಹಾಕಿ, ತಾಯಿ ನೋಡುತ್ತಿದ್ದ ಕಡೆಗೆ ತಿರುಗಿದಳು. ಗೋಡೆಯಲ್ಲಿ ತಾನಿದ್ದಳು.

“ಅಣ್ಣ, ಇದ್ಯಾರು?”

“ನೀನೇ ಕಣಮ್ಮ,” ಎಂದ ಅಪ್ಪ.

“ಸತ್ತೋರ್ನ ಸೇರಿಸ್ದಂಗೆ ಸೇರ್ಸಿದೀಯ. ಆಯ್ತು, ಸೇರಿಸ್ಕೊ. ಹಣೇಲಿದ್ದಿದ್ದು ಏನಾಯ್ತು?”

“ಲೈಟಲ್ಲಿ ಹೋಗಿರ್ಬೇಕು.”

ನನಗೆ ಸಿಟ್ಟು ಬಂತು. ಆ ಸಿಟ್ಟು ಸತ್ಯದ ಪರವಾಗಿ ಬಂತೆಂದು ಹೇಳಿಕೊಳ್ಳಬಹುದು, ಆದರೆ ಕಾರಣ ಬೇರೆ. ಅಷ್ಟು ನಾಜೂಕಾಗಿ ಮಾಡಿದ ನನ್ನ ಕೆಲಸವನ್ನು ಲೈಟಿನ ಲೆಕ್ಕಕ್ಕೆ ಹಾಕಿಬಿಟ್ಟನಲ್ಲ ಎಂಬ ಸಿಟ್ಟು ಅದು. ಕುಂಕುಮ ಇತ್ತು ಅತ್ತೆ, ನಾನೇ ಅಳಿಸಿದೆ ಎಂದುಬಿಟ್ಟೆ. ಪಡಸಾಲೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು. ಅಜ್ಜಿ, ಮಕ್ಕಳ ಮಗ್ಗಿ ಒಪ್ಪಿಸಿಕೊಳ್ಳುವಾಗಿನ ದನಿಯಲ್ಲಿ, ಮಗಳಿಗೆ ಹೇಳಿದಳು:

“ಎರಡು ಗಂಟೆಗೆ ಅಯ್ಯನೋರು, ಸಂಘದೋರು ಬರ್ತಾರೆ. ಬೆಳಿಗ್ಗೆ ನಿನ್ನ ಹೆಸರು ಹೇಳಿ ಸ್ತೋತ್ರ ಮಾಡ್ಸಿದೀನಿ. ಈಗ ನಾನೇನಂತ ಹೇಳ್ಲಿ?”

“ನಿಜ ಹೇಳು.”

“ನಿಜ ಹೇಳಿದ್ರೆ, ಸುಳ್ಳು ಮಾಡಿದ್ದು ಯಾರು ಅಂತ ಕೇಳ್ತಾರೆ.”

ಅದಕ್ಕೆ ಉತ್ತರ ಆಗತಾನೇ ನನ್ನ ಬಾಯಿಂದ ಬಂದಾಗಿತ್ತು. ಅತ್ತೆ ಅಪ್ಪನನ್ನು ನೋಡುತ್ತಾ ನಿಂತಳು. ಎಷ್ಟು ಹೊತ್ತು ಎಂದು ಹೇಳಲಾರೆ. ಅಪ್ಪ ಕ್ಯಾಮೆರಾದ ಪಟ್ಟಿಯನ್ನು ಬಿಡಿಸಿ ಮತ್ತೆ ಸುತ್ತುತ್ತಿದ್ದ. ನನ್ನ ಮಗಳಿಗೆ ನಾನೇ ಹೇಳಿ ಮಾಡಿಸಿದೆ ಎಂಬ ಒಂದು ವಾಕ್ಯಕ್ಕೆ ಅಲ್ಲಿ ಬೇಕಾದಷ್ಟು ಸಮಯವಿತ್ತು. ಅಮ್ಮ ಅದನ್ನು ಹೇಳಲು ಬಾಯಿ ತೆರೆದಳು, ಅತ್ತೆ ಕೈಯೆತ್ತಿ ತಡೆದಳು. ಬಚ್ಚಲಲ್ಲಿ ಸೋಪು ಎಲ್ಲಿದೆ ಪುಟ್ಟಿ ಎಂದು ನನ್ನನ್ನು ಕೇಳಿದಳು. ನಾನು ಹಿಂದೆ ಹೋಗಿ ಸೋಪು ಕೊಟ್ಟೆ. ಅವಳು ಮುಖ ತೊಳೆದು ಸೆರಗಿನಿಂದ ಒರೆಸಿಕೊಂಡಾಗ, ಆರು ವರ್ಷ ಕುಂಕುಮವಿಟ್ಟ ಜಾಗದಲ್ಲಿ ಮಾಸಲು ಕಪ್ಪಿನ ದುಂಡನೆಯ ಕಲೆ ಕಂಡಿತು. ನಾನು ಮಾಡಿದ ಹಣೆಯಲ್ಲಿ ಅದು ಇರಲಿಲ್ಲ.

ಎರಡು ಗಂಟೆಗೆ ಅವರು ಬಂದರು. ಪ್ಲಮ್ ಕೇಕು, ಕರ್ಜಿಕಾಯಿ, ಪ್ರಾರ್ಥನೆ. ಅತ್ತೆ ತಲೆ ಬಗ್ಗಿಸಿ ಕೂತಿದ್ದಳು. ಪಶ್ಚಾತ್ತಾಪ ಎಂದುಕೊಂಡರು. ತಾಳಿ ಸೆರಗಿನೊಳಗಿತ್ತು, ಅದನ್ನು ಯಾರೂ ಕೇಳಲಿಲ್ಲ, ಅವಳು ಬಿಚ್ಚಿಯೂ ಇರಲಿಲ್ಲ. ಹೋಗುವ ಮುನ್ನ ಜಗುಲಿಯಲ್ಲಿ ಫೋಟೋ ತೆಗೆಯಲೇಬೇಕೆಂದು ಅಯ್ಯನವರೇ ಒತ್ತಾಯಿಸಿದರು. ಆ ಫೋಟೋ ಇವತ್ತಿಗೂ ಗುಬ್ಬಿಯಲ್ಲಿದೆ. ಅದರಲ್ಲಿ ಅತ್ತೆಯ ಹಣೆಯ ಕಲೆ ಸ್ಪಷ್ಟವಾಗಿ ಕಾಣುತ್ತದೆ. ಅಪ್ಪ ಅದನ್ನು ಮುಟ್ಟಿಲ್ಲ. ಗೋಡೆಯ ಫೋಟೋಗಳಿಗೆ ಬೆರಳು ಮಾಡಿ ಸಾಕ್ಷಿ ಹೇಳುವವರು ಆ ಕಲೆಯನ್ನು ನೋಡಿದಂತಿಲ್ಲ.

ನಾಲ್ಕು ಗಂಟೆಗೆ ನಾನೂ ಅಮ್ಮನೂ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆವು. ತುಮಕೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಅತ್ತೆ ಪರ್ಸಿನಿಂದ ಪುಟ್ಟ ಭರಣಿ ತೆಗೆದು, ಕನ್ನಡಿಯಿಲ್ಲದೆ ಉಂಗುರದ ಬೆರಳಿನಿಂದ ಕುಂಕುಮ ಇಟ್ಟುಕೊಂಡು, ನಡುವೆ ಇದೆಯಾ ಎಂದು ನನ್ನನ್ನು ಕೇಳಿದಳು. ಸ್ವಲ್ಪ ಎಡಕ್ಕಿದೆ ಎಂದೆ. ಸರಿಮಾಡಿಕೊಂಡಳು. ತನಗೆ ಬಾರದು ಎಂದಿದ್ದ ಆಟವನ್ನು ನಾವು ಅವಳಿಗೆ ಕಲಿಸಿಬಿಟ್ಟಿದ್ದೆವು. ಅಮ್ಮ ಅಳುತ್ತಿದ್ದಳು, ಅತ್ತೆ ಅಳಲಿಲ್ಲ. ಅದೇ ಕೊನೆ. ಅವಳು ಆಮೇಲೆ ಗುಬ್ಬಿಯ ಮನೆಗೆ ಬರಲಿಲ್ಲ, ಅಜ್ಜಿಯ ಮಣ್ಣಿನ ದಿನವೂ ಸ್ಮಶಾನದ ಗೇಟಿನವರೆಗೆ ಬಂದು ಅಲ್ಲಿಂದಲೇ ಹೋದಳು. ಸಭೆಯವರು ಮಗಳು ಮರಳಿದ ದಿನ ಎನ್ನುವುದು ಆ ದಿನವನ್ನೇ.

ಕಳೆದ ಡಿಸೆಂಬರಿನಲ್ಲಿ ಒಬ್ಬಳೇ ಹುಲಿಯೂರುದುರ್ಗದ ರಸ್ತೆಯ ಆ ಮನೆಗೆ ಹೋದೆ. ಹದಿನೈದು ವರ್ಷದಿಂದ ಹೊತ್ತುಕೊಂಡಿದ್ದ ಕ್ಷಮಾಪಣೆಯನ್ನು ಭಾಷಣದ ಹಾಗೆ ಸಿದ್ಧಮಾಡಿಕೊಂಡು ಹೋಗಿದ್ದೆ. ಅತ್ತೆ ಎರಡನೆಯ ವಾಕ್ಯಕ್ಕೇ ತಡೆದಳು.

“ಬುಡು. ನಿಮ್ಮಪ್ಪ ಬಾಯಿ ಬಿಡ್ತಾನೆ ಅಂತ ಕಾದೆ, ಬಿಡ್ಲಿಲ್ಲ. ನಾನ್ ಇನ್ನೊಂದ್ ಚೂರು ಹೊತ್ತು ಕಾದಿದ್ರೆ ಅಯ್ಯನೋರು, ಸಂಘದೋರು ಎಲ್ರೂ ಸೇರ್ಕೊಂಡು ನಿನ್ನನ್ನ ನಡುವೆ ಕೂರಿಸಿ ಪ್ರಾರ್ಥನೆ ಮಾಡಿ ಸುಳ್ಳಿನ ದೆವ್ವ ಬಿಡ್ಸೋರು. ಒಂದು ಹಣೆ ತಾನೆ, ತೊಳ್ಕೊಂಡೆ.”

ಒಂದು ಮಾತು ಯಾವತ್ತಿನಿಂದಲೋ ಕೇಳಬೇಕೆಂದಿದ್ದೆ ಎಂದಳು.

“ಆ ಫೋಟೋದಲ್ಲಿ ನನ್ನ ಕೂದ್ಲು ಕತ್ತರಿಸ್ದೋಳೂ ನೀನೇನಾ? ಗಾಳಿಗೆ ಹಾರ್ತಿದ್ದ ಒಂದೆಳೇನೂ ಬಿಟ್ಟಿರ್ಲಿಲ್ಲ.”

“ಇಲ್ಲ, ಅದು ಅಪ್ಪ. ನಾನ್ ಸ್ಕೂಲಿಂದ ಬರೋಷ್ಟ್ರಲ್ಲಿ ಮುಗ್ಸಿದ್ದ.”

“ಕನ್ನಡಕ ಇರ್ಲಿಲ್ಲ, ಅದಕ್ಕೆ ಮಗು ಕೈಲಿ ಮಾಡಿಸ್ದೆ ಅಂತ ಆಮೇಲೆ ನನ್ಹತ್ರ ಫೋನಲ್ಲಿ ಅಂದಿದ್ದ,” ಎಂದಳು ಅತ್ತೆ. ಅವಳ ಮುಖದಲ್ಲಿ ನಗು ಇತ್ತು, ಆದರೆ ಅದು ನನಗಾಗಿ ಇದ್ದ ನಗುವಲ್ಲ.

ತುಮಕೂರಿಗೆ ವಾಪಸು ಬಂದಾಗ ಮಧ್ಯಾಹ್ನ. ಅಪ್ಪ ಸ್ಟುಡಿಯೋದ ಬಾಗಿಲಲ್ಲಿ ಸ್ಟೂಲಿನ ಮೇಲೆ ನಿಂತು ನಕ್ಷತ್ರ ಕಟ್ಟುತ್ತಿದ್ದ. ವೈರು ಹಿಡಿದುಕೋ ಎಂದ. ಹಿಡಿದುಕೊಂಡೆ. ಅತ್ತೆ ಹೇಗಿದ್ದಾಳೆ ಎಂದು ಕೇಳಿದ, ಚೆನ್ನಾಗಿದ್ದಾಳೆ ಎಂದೆ. ಬಸ್ಸಿನಲ್ಲಿ ಮೂರು ಬಗೆಯಲ್ಲಿ ಜೋಡಿಸಿಕೊಂಡಿದ್ದ ವಾದ ಆಗ ಒಂದೂ ನೆನಪಿಗೆ ಬರಲಿಲ್ಲ. ಇಷ್ಟೇ ಕೇಳಿದೆ:

“ಅಪ್ಪ, ಒಂದೊಂದೇ ಕೂದ್ಲು ಕಾಣಿಸ್ತಿತ್ತು ನಿಂಗೆ ಅವತ್ತು. ಆ ಕುಂಕುಮ ಒಂದನ್ನ ಯಾಕೆ ನನ್ನ ಕೈಲಿ ಅಳಿಸ್ದೆ?”